ನೋವು ಇಳಿಯಿತು, ಕರುಳು ನಿಂತಿತು

ಹೊಟ್ಟೆಯ ಆಪರೇಷನ್ ಆದವರ ವಾರ್ಡಿಗೆ ಬೆಳಗಿನ ರೌಂಡ್ಸ್‌ಗೆ ಬರುವ ಸರ್ಜನ್ ಕೇಳುವ ಪ್ರಶ್ನೆಗಳಲ್ಲಿ ಒಂದು ರೋಗಿಗೆ ತೀರಾ ಮುಜುಗರ ತರುವಂಥದ್ದು: ಗ್ಯಾಸ್ ಹೋಯಿತೇ? ಪಕ್ಕದ ಮಂಚದವರು, ನೋಡಲು ಬಂದ ನೆಂಟರು, ನರ್ಸ್, ಎಲ್ಲರೂ ಉತ್ತರಕ್ಕೆ ಕಿವಿಗೊಟ್ಟಿರುತ್ತಾರೆ. ಹೋಯಿತು ಎಂದರೆ ವೈದ್ಯರ ಮುಖ ಅರಳುತ್ತದೆ, ಗಂಜಿ ಇಡ್ಲಿಯ ಮಾತು ಶುರುವಾಗುತ್ತದೆ. ಇಲ್ಲ ಎಂದರೆ ಹೊಟ್ಟೆ ಉಬ್ಬಿದೆಯೇ ಎಂದು ಬೆರಳಿನಿಂದ ತಟ್ಟಿ ನೋಡಿ, ಇನ್ನೊಂದು ದಿನ ಕಾಯೋಣ ಎಂದು ಮುಂದಿನ ಮಂಚಕ್ಕೆ ಹೋಗುತ್ತಾರೆ.

ಕರುಳು ಹೀಗೆ ನಿಲ್ಲುವುದಕ್ಕೆ ಕಾರಣ ಎರಡು. ಹೊಟ್ಟೆಯನ್ನು ತೆರೆದು ಕರುಳನ್ನು ಮುಟ್ಟಿದ್ದರಿಂದಲೇ ಅದು ಕೆಲವು ದಿನ ಕೆಲಸ ನಿಲ್ಲಿಸುತ್ತದೆ. ಅದರ ಮೇಲೆ, ನೋವಿಗೆಂದು ಕೊಟ್ಟ ಮದ್ದೂ ಕರುಳನ್ನು ಹಿಡಿದು ನಿಲ್ಲಿಸುತ್ತದೆ. ಎರಡೂ ಜೊತೆಯಲ್ಲೇ ಬರುವುದರಿಂದ ಮನೆಯವರು ಎರಡಕ್ಕೂ ಮಲಬದ್ಧತೆ ಎಂಬ ಒಂದೇ ಹೆಸರಿಟ್ಟು, ಬಾಳೆಹಣ್ಣು, ಬಿಸಿನೀರು, ಇಸಬ್‌ಗೋಲ್ ಎಂದು ಹೊರಡುತ್ತಾರೆ. ಆದರೆ ಮೊದಲನೆಯದಕ್ಕೆ ಮುಖ್ಯವಾಗಿ ಬೇಕಾದದ್ದು ಸಮಯ ಮತ್ತು ನಡಿಗೆ. ಎರಡನೆಯದರಲ್ಲಿ ಕಾಯುತ್ತ ಕುಳಿತರೆ ಕೆಟ್ಟಿತು. ಅದಕ್ಕೆ ನೋವಿನ ಮಾತ್ರೆ ಶುರುವಾದ ದಿನವೇ ಮಲ ಸಡಿಲಿಸುವ ಔಷಧವೂ ಶುರುವಾಗಬೇಕು.

ಇದು ಅರ್ಥವಾಗಬೇಕಾದರೆ ಕರುಳಿಗೆ ತನ್ನದೇ ಆದ ನರಜಾಲವಿದೆ ಎಂಬುದನ್ನು ತಿಳಿದಿರಬೇಕು. ಅನ್ನನಾಳದಿಂದ ಗುದದವರೆಗೆ, ಸ್ನಾಯುವಿನ ಪದರಗಳ ನಡುವೆಯೂ ಒಳಪೊರೆಯ ಕೆಳಗೂ, ಹತ್ತು ಕೋಟಿಗೂ ಹೆಚ್ಚು ನರಕೋಶಗಳು ಹರಡಿಕೊಂಡಿವೆ. 1899ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು ವಿಜ್ಞಾನಿಗಳು ನಾಯಿಯ ಕರುಳಿಗೆ ಹೊರಗಿನಿಂದ ಬರುವ ನರಗಳನ್ನೆಲ್ಲ ಕಡಿದು ನೋಡಿದರು. ಆಗಲೂ ಕರುಳು ತನ್ನ ಕೆಲಸ ಬಿಡಲಿಲ್ಲ. ಒಳಗಿಟ್ಟ ಉಂಡೆಯ ಹಿಂದಿನ ಭಾಗ ಬಿಗಿಯುತ್ತಿತ್ತು, ಮುಂದಿನ ಭಾಗ ಸಡಿಲಗೊಳ್ಳುತ್ತಿತ್ತು, ಉಂಡೆ ಮುಂದೆ ಸಾಗುತ್ತಿತ್ತು. ಮಿದುಳಿನ ಅಪ್ಪಣೆಗೆ ಕಾಯದೆ ಇದನ್ನೆಲ್ಲ ನಡೆಸುವುದು ಆ ನರಜಾಲ.

ಮಾರ್ಫಿನ್ ಹೋಗಿ ಕೂರುವುದೂ ಅಲ್ಲಿಯೇ. ಮಾರ್ಫಿನ್, ಕೊಡೀನ್, ಟ್ರಮಡಾಲ್, ಟಪೆಂಟಡಾಲ್, ಫೆಂಟನಿಲ್ ಇವೆಲ್ಲ ಅಫೀಮಿನ ವಂಶದವು, ಅಥವಾ ಅದೇ ಕೆಲಸ ಮಾಡಲೆಂದು ತಯಾರಿಸಿದವು, ಒಟ್ಟಾಗಿ ಓಪಿಯಾಯ್ಡ್‌ಗಳು. ಮಿದುಳು ಮತ್ತು ಬೆನ್ನುಹುರಿಯ ನರಕೋಶಗಳ ಮೇಲಿರುವ ‘ಮ್ಯೂ’ ಎಂಬ ಗ್ರಾಹಕಗಳಿಗೆ, ಅಂದರೆ ಔಷಧ ಬಂದು ಕೂರುವ ತಾಣಗಳಿಗೆ, ಅಂಟಿಕೊಂಡು ಇವು ನೋವನ್ನು ತಗ್ಗಿಸುತ್ತವೆ. ಅದೇ ಗ್ರಾಹಕಗಳು ಕರುಳಿನ ನರಜಾಲದಲ್ಲಿಯೂ ತುಂಬಿಕೊಂಡಿವೆ. ಅಲ್ಲಿಗೆ ಅಂಟಿದಾಗ ಸ್ನಾಯುವನ್ನು ತಳ್ಳಲು ಹೇಳುವ ಅಸಿಟೈಲ್‌ಕೋಲಿನ್ ಬಿಡುಗಡೆಯಾಗುವುದು ಕಡಿಮೆಯಾಗುತ್ತದೆ. ಕರುಳು ಪೂರ್ತಿ ಸುಮ್ಮನಾಗುವುದಿಲ್ಲ. ನಿಂತಲ್ಲೇ ಹಿಂಡುತ್ತದೆ, ಮುಂದೆ ತಳ್ಳುವುದಿಲ್ಲ. ಹೊಟ್ಟೆ ನುಲಿದಂತಾಗುವುದು, ಉಬ್ಬುವುದು ಇದರಿಂದಲೇ. ಜಠರದ ಕೆಳಬಾಯಿ, ಗುದದ ಬಿಗಿಸ್ನಾಯು ಮತ್ತಷ್ಟು ಬಿಗಿಯುತ್ತವೆ. ಒಳಪೊರೆ ಕರುಳಿನೊಳಗೆ ಬಿಡುವ ನೀರು ಕಡಿಮೆಯಾಗುತ್ತದೆ, ನಿಂತಲ್ಲೇ ನಿಂತ ಮಲದಿಂದ ದೊಡ್ಡ ಕರುಳು ಇದ್ದ ನೀರನ್ನೂ ಹೀರುತ್ತದೆ. ಉಳಿಯುವುದು ಕಲ್ಲಿನಂಥ ಗಟ್ಟಿ. ಮಲ ತುಂಬಿದೆ, ಹೋಗಬೇಕು ಎಂಬ ಸೂಚನೆಯೂ ಮಂದವಾಗುತ್ತದೆ.

ಇಷ್ಟೂ ಪರಿಣಾಮವನ್ನು ಬೇಕೆಂದೇ ಬಳಸುವ ಔಷಧವೊಂದು ನಮ್ಮ ಮನೆಗಳ ಡಬ್ಬಿಯಲ್ಲೇ ಇರುತ್ತದೆ. ಭೇದಿ ನಿಲ್ಲಲಿ ಎಂದು ನುಂಗುವ ಲೋಪೆರಮೈಡ್ ಕೂಡ ಒಂದು ಓಪಿಯಾಯ್ಡ್. ಸಾಮಾನ್ಯ ಪ್ರಮಾಣದಲ್ಲಿ ಅದು ಮಿದುಳಿನೊಳಗೆ ಉಳಿಯಲಾರದು, ಮಿದುಳಿನ ರಕ್ತನಾಳಗಳ ಗೋಡೆಯೇ ಅದನ್ನು ಹೊರಹಾಕುತ್ತದೆ. ಹಾಗಾಗಿ ಅಮಲೂ ಇಲ್ಲ, ನೋವಿನ ಶಮನವೂ ಇಲ್ಲ, ಕರುಳು ಮಾತ್ರ ನಿಲ್ಲುತ್ತದೆ. ಶತಮಾನಗಳ ಕಾಲ ಆಮಶಂಕೆಗೆ ಅಫೀಮು ಕೊಡುತ್ತಿದ್ದುದೂ ಇದೇ ಗುಣಕ್ಕಾಗಿ. ಮಾರ್ಫಿನ್ ತೆಗೆದುಕೊಂಡವರ ಮಲಬದ್ಧತೆಯನ್ನು ಹಾಗಾಗಿ ಅಡ್ಡ ಪರಿಣಾಮ ಎನ್ನಲು ನನಗೆ ಮನಸ್ಸಿಲ್ಲ. ಔಷಧ ತನ್ನ ಕೆಲಸವನ್ನೇ ಮಾಡುತ್ತಿದೆ, ನಮಗೆ ಬೇಡದ ಜಾಗದಲ್ಲಿ.

ಇನ್ನೊಂದು ವಿಚಿತ್ರವಿದೆ. ಓಪಿಯಾಯ್ಡ್ ಶುರುಮಾಡಿದಾಗ ಬರುವ ವಾಕರಿಕೆ, ತೂಕಡಿಕೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಗ್ಗುತ್ತವೆ, ದೇಹ ಒಗ್ಗಿಕೊಳ್ಳುತ್ತದೆ. ಕರುಳು ಮಾತ್ರ ಒಗ್ಗಿಕೊಳ್ಳುವುದಿಲ್ಲ. ಮೂರು ತಿಂಗಳು ತೆಗೆದುಕೊಂಡರೆ ಮೂರು ತಿಂಗಳೂ ಮಲಬದ್ಧತೆ. ದೀರ್ಘಕಾಲ ಓಪಿಯಾಯ್ಡ್ ಬಳಸುವವರಲ್ಲಿ ನೂರಕ್ಕೆ 40ರಿಂದ 80 ಜನರಿಗೆ ಈ ತೊಂದರೆ ಇರುತ್ತದೆಂದು ಅಂದಾಜು. ಕ್ಯಾನ್ಸರ್ ನೋವಿನ ಆರೈಕೆ ಮಾಡುವ ವೈದ್ಯರಲ್ಲಿ ಅದಕ್ಕೇ ಒಂದು ಹಳೆಯ ನಿಯಮವಿದೆ: ಮಾರ್ಫಿನ್ ಬರೆದ ಕೈಯೇ ಅದರ ಕೆಳಗಿನ ಸಾಲಿನಲ್ಲಿ ಮಲ ಸಡಿಲಿಸುವ ಔಷಧವನ್ನೂ ಬರೆಯಬೇಕು.

ಆ ನಿಯಮ ಸಾಮಾನ್ಯ ವಾರ್ಡುಗಳಿಗೆ ಅಷ್ಟಾಗಿ ಇಳಿದಿಲ್ಲ. ಮೂಳೆ ಮುರಿದೋ, ಸಿಸೇರಿಯನ್ ಆಗಿಯೋ ಮನೆಗೆ ಹೊರಟವರ ಡಿಸ್ಚಾರ್ಜ್ ಚೀಟಿಯನ್ನು ಒಮ್ಮೆ ಗಮನವಿಟ್ಟು ಓದಿ. ನೋವಿಗೆ ಟ್ರಮಡಾಲ್ ಮತ್ತು ಪ್ಯಾರಸಿಟಮಾಲ್ ಕೂಡಿದ ಮಾತ್ರೆ ಇರುತ್ತದೆ. ವಾಂತಿ ಬಾರದಿರಲೆಂದು ಒಂಡಾನ್ಸೆಟ್ರಾನ್. ರಕ್ತ ಹೋಗಿದೆಯಲ್ಲ, ಕಬ್ಬಿಣದ ಮಾತ್ರೆ. ಮೂಳೆಗೆ ಕ್ಯಾಲ್ಸಿಯಂ. ಟ್ರಮಡಾಲ್ ಬಿಡಿ, ಉಳಿದ ಮೂರರಲ್ಲಿ ಒಂದೊಂದೂ ಮಲವನ್ನು ಕಟ್ಟುವಂಥದ್ದೇ. ಇದಕ್ಕೆ ಮಂಚ ಬಿಟ್ಟೇಳದ ದಿನಗಳು, ಅರೆಹೊಟ್ಟೆಯ ಊಟ ಸೇರಿದರೆ ಐದನೆಯ ದಿನ ಆ ರೋಗಿ ಶೌಚಾಲಯದಲ್ಲಿ ಬೆವರುತ್ತ ಕುಳಿತಿರುವುದರಲ್ಲಿ ಆಶ್ಚರ್ಯವೇನಿದೆ? ಚೀಟಿಯಲ್ಲಿ ಮಲ ಸಡಿಲಿಸುವ ಔಷಧ ಇಲ್ಲದಿದ್ದರೆ ಬಾಗಿಲು ದಾಟುವ ಮುನ್ನ ಕೇಳಿ. ಅದು ನಿಮ್ಮ ಹಕ್ಕು, ಉಪಕಾರವಲ್ಲ.

ಮನೆಮದ್ದಿನ ಮಾತಿಗೆ ಬರೋಣ. ಮಲ ಕಟ್ಟಿತೆಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಇಸಬ್‌ಗೋಲ್. ಆರೋಗ್ಯವಂತರಿಗೆ ಒಳ್ಳೆಯದೇ, ಸಾಕಷ್ಟು ನೀರು ಕುಡಿದರೆ. ಆದರೆ ಅದು ಕೆಲಸ ಮಾಡುವುದು ನೀರು ಹೀರಿ ಉಬ್ಬಿ, ಕರುಳಿನ ಗೋಡೆಯನ್ನು ಹಿಗ್ಗಿಸಿ, ತಳ್ಳು ಎಂದು ಹೇಳುವ ಮೂಲಕ. ಓಪಿಯಾಯ್ಡ್ ಹಿಡಿದಿಟ್ಟ ಕರುಳು ಆ ಮಾತನ್ನು ಕೇಳುವ ಸ್ಥಿತಿಯಲ್ಲಿಲ್ಲ. ಸಿಗ್ನಲ್ ಕೆಟ್ಟು ನಿಂತ ರಸ್ತೆಗೆ ಇನ್ನೂ ನಾಲ್ಕು ಲಾರಿ ಬಿಟ್ಟಂತೆ, ಮಲದ ಗಾತ್ರವಷ್ಟೇ ಹೆಚ್ಚುತ್ತದೆ. ನೀರು ಕಡಿಮೆ ಕುಡಿಯುವ ವೃದ್ಧರಲ್ಲಿ ಅದು ಉಂಡೆಗಟ್ಟಿ ದಾರಿಯನ್ನೇ ಮುಚ್ಚಬಹುದು. ಹಣ್ಣು, ಸೊಪ್ಪು ತಿನ್ನಬಾರದೆಂದಲ್ಲ. ಇಲ್ಲಿ ತೊಂದರೆ ನಾರಿನ ಕೊರತೆಯಿಂದ ಬಂದದ್ದಲ್ಲ, ನಾರಿನಿಂದ ಹೋಗುವುದೂ ಇಲ್ಲ.

ಬೇಕಾದದ್ದು ಎರಡು ಬಗೆಯವು. ಒಂದು, ಕರುಳಿನೊಳಗೆ ನೀರನ್ನು ಹಿಡಿದಿಡುವಂಥದ್ದು: ಪಾಲಿಎಥಿಲೀನ್ ಗ್ಲೈಕಾಲ್ ಪುಡಿ, ಲ್ಯಾಕ್ಟುಲೋಸ್ ಸಿರಪ್. ಇವು ಆತುರದವಲ್ಲ, ಒಂದೆರಡು ದಿನ ಬೇಕು. ಲ್ಯಾಕ್ಟುಲೋಸ್‌ನಿಂದ ಗ್ಯಾಸ್ ಸ್ವಲ್ಪ ಹೆಚ್ಚು. ಇನ್ನೊಂದು, ಕರುಳನ್ನು ಕೆಣಕಿ ತಳ್ಳಿಸುವಂಥದ್ದು: ಬಿಸಕೊಡಿಲ್, ಸೋಡಿಯಂ ಪಿಕೊಸಲ್ಫೇಟ್, ಸೋನಾಮುಖಿ ಎಲೆಯಿಂದ ತಯಾರಾದ ಸೆನ್ನಾ. ರಾತ್ರಿ ನುಂಗಿದರೆ ಸುಮಾರು 6ರಿಂದ 12 ಗಂಟೆಯೊಳಗೆ, ಅಂದರೆ ಬೆಳಿಗ್ಗೆ, ಕೆಲಸ ಕಾಣುತ್ತದೆ. ಓಪಿಯಾಯ್ಡ್ ರೋಗಿಗೆ ಸಾಮಾನ್ಯವಾಗಿ ಎರಡನೆಯ ಬಗೆಯದು ಬೇಕಾಗುತ್ತದೆ, ಹಲವೊಮ್ಮೆ ಎರಡೂ ಸೇರಿ. ದಿನ ಬಿಟ್ಟು ದಿನ ಭೇದಿ ಮಾಡಿಸುವ ಮಾತ್ರೆ ತೆಗೆದುಕೊಂಡರೆ ಅದೇ ಅಭ್ಯಾಸವಾದೀತು ಎಂಬ ಭಯ ನಮ್ಮಲ್ಲಿ ಬಲವಾಗಿದೆ. ಆದರೆ ನೋವಿನ ಮದ್ದು ನಡೆಯುವಷ್ಟು ದಿನ ಇದೂ ನಡೆಯಲೇಬೇಕು. ಮೂತ್ರಪಿಂಡ ದುರ್ಬಲವಿದ್ದವರು ಮ್ಯಾಗ್ನೀಷಿಯಂ ಇರುವ ಸಿರಪ್‌ಗಳನ್ನೂ ಫಾಸ್ಫೇಟ್ ಎನಿಮಾವನ್ನೂ ತಾವಾಗಿ ಬಳಸಬಾರದು, ಲವಣಗಳ ಏರುಪೇರು ಜೀವಕ್ಕೆ ಬರುವಂಥದ್ದು. ನುಂಗುವುದು ಕಷ್ಟವಿರುವ ಹಿರಿಯರಿಗೆ ಲಿಕ್ವಿಡ್ ಪ್ಯಾರಾಫಿನ್ ಬೇಡ. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಅಜ್ಜಿಯ ಕಾಲದ ಹರಳೆಣ್ಣೆಯಂತೂ ಹೊಲಿಗೆ ಹಸಿಯಿರುವ ಹೊಟ್ಟೆಗೆ ಸಲ್ಲದು.

ಮನೆಯಲ್ಲಿ ಆರೈಕೆ ಮಾಡುವವರು ಮೋಸಹೋಗುವ ಒಂದು ಸಂದರ್ಭವನ್ನು ಇಲ್ಲಿ ಬಿಡಿಸಿ ಹೇಳಬೇಕು. ವಾರಗಟ್ಟಲೆ ಮಲಗಿದ ರೋಗಿಗೆ ಒಂದು ದಿನ ಇದ್ದಕ್ಕಿದ್ದಂತೆ ನೀರು ನೀರಾಗಿ ಭೇದಿ ಶುರುವಾಗುತ್ತದೆ. ಸ್ವಲ್ಪ ಸ್ವಲ್ಪವೇ, ಬಟ್ಟೆಗೆ ತಾಗುವಷ್ಟು, ದಿನಕ್ಕೆ ಹಲವು ಸಲ. ಮನೆಯವರು ಮಲ ಸಡಿಲಿಸುವ ಔಷಧ ನಿಲ್ಲಿಸಿ, ಅಂಗಡಿಯಿಂದ ಭೇದಿ ನಿಲ್ಲಿಸುವ ಮಾತ್ರೆ ತರುತ್ತಾರೆ. ನಿಜದಲ್ಲಿ ಗುದದ ಹತ್ತಿರ ಒಣಗಿದ ಮಲದ ಗಟ್ಟಿ ಕೂತಿರುತ್ತದೆ, ಮೇಲಿನಿಂದ ಬಂದ ತೆಳು ಮಲ ಅದರ ಪಕ್ಕದಿಂದ ಜಿನುಗುತ್ತಿರುತ್ತದೆ. ಕೊಟ್ಟ ಮಾತ್ರೆ ಅದೇ ಲೋಪೆರಮೈಡ್. ಒಂದು ಓಪಿಯಾಯ್ಡ್ ಕಟ್ಟಿದ ಕರುಳಿಗೆ ಇನ್ನೊಂದು ಓಪಿಯಾಯ್ಡ್! ಇದನ್ನು ಕಂಡುಹಿಡಿಯಲು ಸ್ಕ್ಯಾನ್ ಬೇಕಾಗುವುದೇ ಕಡಿಮೆ, ವೈದ್ಯರೋ ನರ್ಸೋ ಕೈಗವಸು ಹಾಕಿ ಬೆರಳಿನಿಂದ ಪರೀಕ್ಷಿಸಿದರೆ ತಿಳಿಯುತ್ತದೆ. ಗುದದಲ್ಲಿಡಲೆಂದೇ ತಯಾರಾದ ಗ್ಲಿಸರಿನ್ ಅಥವಾ ಬಿಸಕೊಡಿಲ್ ಮಾತ್ರೆ ಇಟ್ಟು, ಎನಿಮಾ ಕೊಟ್ಟು, ಬಗ್ಗದಿದ್ದರೆ ಬೆರಳಿನಿಂದಲೇ ಬಿಡಿಸಿ ತೆಗೆದ ಮೇಲೆ ಬಾಯಿಯ ಔಷಧ ಮತ್ತೆ ಶುರು.

ಮಲ ಸಡಿಲಿಸುವ ಔಷಧಗಳೆಲ್ಲ ಸೋತವರಿಗಾಗಿ ಹುಟ್ಟಿದ ಇನ್ನೊಂದು ವರ್ಗವಿದೆ. ಅದರ ಮೊದಲನೆಯದು ಹುಟ್ಟಿದ್ದು ಒಂದು ಸ್ನೇಹದಿಂದ. 1970ರ ದಶಕದ ಕೊನೆಗೆ ಷಿಕಾಗೋ ವಿಶ್ವವಿದ್ಯಾಲಯದ ಔಷಧಶಾಸ್ತ್ರಜ್ಞ ಲಿಯಾನ್ ಗೋಲ್ಡ್‌ಬರ್ಗ್ ಅವರ ಗೆಳೆಯರೊಬ್ಬರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿತ್ತು. ನೋವು ತಡೆಯಲಾಗದಿದ್ದರೂ ಅವರು ಮಾರ್ಫಿನ್ ಬೇಡ ಎನ್ನುತ್ತಿದ್ದರು, ಮಲಬದ್ಧತೆ ನೋವಿಗಿಂತಲೂ ಹಿಂಸೆಯಾಗಿತ್ತು. ಮಾರ್ಫಿನ್ನನ್ನು ಗ್ರಾಹಕದಿಂದ ಎಬ್ಬಿಸುವ ನಾಲೊಕ್ಸೋನ್, ನಾಲ್ಟ್ರೆಕ್ಸೋನ್ ಆಗಲೇ ಇದ್ದವು. ಆದರೆ ಅವು ಮಿದುಳಿಗೂ ನುಗ್ಗುತ್ತವೆ. ಕರುಳು ಬಿಡುಗಡೆಯಾಗುವ ಜೊತೆಗೆ ನೋವೂ ಮರಳುತ್ತದೆ. ಗೋಲ್ಡ್‌ಬರ್ಗ್ ಕಂಡ ಉಪಾಯ ನಾಲ್ಟ್ರೆಕ್ಸೋನ್ ಅಣುವಿಗೆ ಒಂದು ಮೀಥೈಲ್ ಗುಂಪನ್ನು ಸೇರಿಸಿದ ರೂಪ. ಅದರಿಂದ ಅಣುವಿಗೆ ಧನ ವಿದ್ಯುದಂಶ ಬರುತ್ತದೆ, ವಿದ್ಯುದಂಶವಿರುವ ಅಣು ಮಿದುಳಿನ ರಕ್ತನಾಳಗಳ ಕೊಬ್ಬಿನ ಗೋಡೆಯನ್ನು ಸುಲಭವಾಗಿ ದಾಟಲಾರದು. ಮಿದುಳಿನಲ್ಲಿ ಮಾರ್ಫಿನ್ ತನ್ನ ಜಾಗದಲ್ಲಿ ಕುಳಿತಿರುತ್ತದೆ, ಕರುಳಿನಲ್ಲಿ ಮಾತ್ರ ಅದನ್ನು ಎಬ್ಬಿಸಲಾಗುತ್ತದೆ.

ಆ ಮೀಥೈಲ್‌ನಾಲ್ಟ್ರೆಕ್ಸೋನ್ ಚುಚ್ಚುಮದ್ದಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2008ರಲ್ಲಿ, ಸಹೋದ್ಯೋಗಿಗಳು ಕೆಲಸ ಮುಂದುವರಿಸಿದ ಮೇಲೆ. ಗೋಲ್ಡ್‌ಬರ್ಗ್ ಅಷ್ಟರಲ್ಲಿ ತೀರಿಕೊಂಡಿದ್ದರು. ಕೊನೆಯ ಹಂತದ ಕಾಯಿಲೆಯವರ ಮೇಲೆ ನಡೆದ ಪರೀಕ್ಷೆಯಲ್ಲಿ, ಮೊದಲ ಚುಚ್ಚುಮದ್ದಾದ ನಾಲ್ಕು ಗಂಟೆಯೊಳಗೆ ನೂರಕ್ಕೆ 48 ಜನರಿಗೆ ಮೋಷನ್ ಆಯಿತು. ಹುಸಿಮದ್ದು ಪಡೆದವರಲ್ಲಿ 15 ಜನರಿಗೆ. ಅರ್ಧದಷ್ಟು ಜನರಿಗೆ ಆಗಲಿಲ್ಲ ಎಂಬುದೂ ಆ ಅಂಕಿಯಲ್ಲೇ ಇದೆ. ಆಮೇಲೆ ಮಾತ್ರೆಗಳು ಬಂದವು: 2014ರಲ್ಲಿ ನಾಲೊಕ್ಸೆಗಾಲ್, 2017ರಲ್ಲಿ ನಾಲ್ಡೆಮೆಡೀನ್. ಅಮೆರಿಕದ ಜಠರಕರುಳು ತಜ್ಞರ ಸಂಘ 2019ರಲ್ಲಿ ಹೊರಡಿಸಿದ ಮಾರ್ಗಸೂಚಿ ಮೊದಲ ಸ್ಥಾನವನ್ನು ಹಳೆಯ, ಅಗ್ಗದ ಔಷಧಗಳಿಗೇ ಕೊಟ್ಟಿತು. ಅವು ಸೋತರೆ ಮಾತ್ರ ಹೊಸವು. ಕರುಳಿನ ದಾರಿ ಗಡ್ಡೆಯಿಂದಲೋ, ಹಳೆಯ ಆಪರೇಷನ್ನಿನ ನಂತರ ಒಳಗೆ ಬೆಳೆದ ಅಂಟಿನಿಂದಲೋ ಮುಚ್ಚಿದೆ ಎಂಬ ಅನುಮಾನವಿದ್ದರೆ ಇವನ್ನು ಕೊಡುವಂತಿಲ್ಲ. ಮುಚ್ಚಿದ ಬಾಗಿಲಿಗೆ ಕರುಳನ್ನು ತಳ್ಳಿಸಿದರೆ ಅದು ತೂತಾಗಬಹುದು.

ಈಗ ಆಪರೇಷನ್ನಿನ ಕಡೆಗೆ. ಹೊಟ್ಟೆಯನ್ನು ತೆರೆದ ಮೇಲೆ ಕರುಳು ಸ್ತಬ್ಧವಾಗುವುದು ಅರಿವಳಿಕೆಯಿಂದ ಎಂದು ಬಹುಜನ ನಂಬಿದ್ದಾರೆ. 1906ರಲ್ಲಿಯೇ ಅಮೆರಿಕದ ವಾಲ್ಟರ್ ಕ್ಯಾನನ್ ಮತ್ತು ಮರ್ಫಿ ಬೆಕ್ಕುಗಳಿಗೆ ಬಿಸ್ಮತ್ ಬೆರೆಸಿದ ಆಹಾರ ತಿನ್ನಿಸಿ, ಎಕ್ಸ್‌ರೇಯಲ್ಲಿ ಅದರ ಚಲನೆ ನೋಡಿ, ದೊಡ್ಡ ಅಪರಾಧಿ ಅರಿವಳಿಕೆಯಲ್ಲ, ಕರುಳನ್ನು ಕೈಯಲ್ಲಿ ಹಿಡಿದಾಡಿದ್ದು ಎಂದು ತೋರಿಸಿದ್ದರು. ಮುಟ್ಟಿದ ಕೂಡಲೇ ನರಗಳ ಮೂಲಕ ನಿಲ್ಲು ಎಂಬ ಸೂಚನೆ ಹೋಗುತ್ತದೆ. ಕೆಲವು ಗಂಟೆಗಳ ನಂತರ ಕರುಳಿನ ಸ್ನಾಯುಪದರದೊಳಗಿನ ರಕ್ಷಕ ಕೋಶಗಳು ಎಚ್ಚೆತ್ತು ಉರಿಯೂತ ಎಬ್ಬಿಸುತ್ತವೆ, ಇದು ದಿನಗಟ್ಟಲೆ ಉಳಿಯುತ್ತದೆ. ಅದಕ್ಕೆ ನೋವಿನ ಓಪಿಯಾಯ್ಡ್ ಸೇರಿಕೊಂಡರೆ ಇನ್ನಷ್ಟು ತಡ. ಸಣ್ಣ ಕರುಳು ಸಾಮಾನ್ಯವಾಗಿ ಒಂದು ದಿನದೊಳಗೆ ಚೇತರಿಸಿಕೊಳ್ಳುತ್ತದೆ, ಜಠರ ಒಂದೆರಡು ದಿನಗಳಲ್ಲಿ, ದೊಡ್ಡ ಕರುಳು ಎರಡು ಮೂರು ದಿನಗಳಲ್ಲಿ. ಸ್ಟೆತಾಸ್ಕೋಪಿಗೆ ಗುಡುಗುಡು ಶಬ್ದ ಕೇಳಿದರೆ ಸಾಲದು, ಅದು ಸಣ್ಣ ಕರುಳಿನದಾಗಿರಬಹುದು. ಎಲ್ಲರಿಗಿಂತ ತಡವಾಗಿ ಏಳುವ ದೊಡ್ಡ ಕರುಳು ಎದ್ದಿದೆ ಎಂದು ಹೇಳುವುದು ಗ್ಯಾಸ್. ಸರ್ಜನ್ನರ ಆ ಮುಜುಗರದ ಪ್ರಶ್ನೆಯ ಹಿಂದಿರುವ ಲೆಕ್ಕ ಇದು.

ಮೊದಲೆಲ್ಲ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ, ಬಾಯಿಗೆ ಹನಿ ನೀರೂ ಇಲ್ಲದೆ, ಸಲೈನ್ ಬಾಟಲಿಗಳನ್ನು ಒಂದರ ಮೇಲೊಂದು ಏರಿಸಿ ದಿನಗಟ್ಟಲೆ ಮಲಗಿಸುವುದೇ ಪದ್ಧತಿಯಾಗಿತ್ತು. 1990ರ ದಶಕದಲ್ಲಿ ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ ಇದನ್ನು ಬುಡಮೇಲು ಮಾಡಿದರು. ನಳಿಕೆ ಬೇಡ, ಆಪರೇಷನ್ ಆದ ದಿನವೇ ಎಬ್ಬಿಸಿ ಕೂರಿಸಿ, ಬೇಗ ನಡೆಸಿ, ಬೇಗ ಬಾಯಿಗೆ ಕೊಡಿ, ನೋವಿಗೆ ಎಪಿಡ್ಯೂರಲ್ (ಬೆನ್ನಿನಲ್ಲಿ ಸಣ್ಣ ಕೊಳವೆ ಇಟ್ಟು ಬಿಡುವ ಮರಗಟ್ಟಿಸುವ ಮದ್ದು), ಪ್ಯಾರಸಿಟಮಾಲ್ ಮುಂತಾದವನ್ನು ಬಳಸಿ ಓಪಿಯಾಯ್ಡ್‌ನ ಪಾಲನ್ನು ತಗ್ಗಿಸಿ. ಅತಿಯಾದ ಸಲೈನ್ ಕರುಳಿನ ಗೋಡೆಯನ್ನೇ ಊದಿಸಿ ಅದರ ಚಲನೆಯನ್ನು ತಡೆಯುತ್ತದೆ ಎಂಬುದೂ ಗೊತ್ತಾಯಿತು. ಬಾಟಲಿ ಹತ್ತಿದಷ್ಟೂ ಬಲ ಎಂದು ನಂಬುವ ನಮ್ಮ ನೆಂಟರಿಷ್ಟರಿಗೆ ಇದನ್ನು ಒಪ್ಪಿಸುವುದು ಮಾತ್ರ ಕಷ್ಟ. ದುರ್ಬೀನು ತೂರಿಸಿ ಮಾಡುವ ಲ್ಯಾಪರೊಸ್ಕೊಪಿಯಲ್ಲಿ ಕರುಳಿಗೆ ಕೈ ತಾಗುವುದೇ ಕಡಿಮೆಯಾದ್ದರಿಂದ ಚೇತರಿಕೆಯೂ ಬೇಗ.

ಚೂಯಿಂಗ್ ಗಮ್ ಕೂಡ ಚಿಕಿತ್ಸೆಯಾಯಿತು ಎಂದರೆ ನಗು ಬರಬಹುದು. ಅಗಿಯುವಾಗ ಊಟ ಬರುತ್ತಿದೆ ಎಂದು ಮಿದುಳು ನಂಬಿ ವೇಗಸ್ ನರದ ಮೂಲಕ ಕರುಳಿಗೆ ಸುದ್ದಿ ಕಳುಹಿಸುತ್ತದೆ, ನುಂಗುವುದಕ್ಕೆ ಏನೂ ಇಲ್ಲದಿದ್ದರೂ. 2002ರಲ್ಲಿ ಜಪಾನಿನಲ್ಲಿ ಕರುಳಿನ ಆಪರೇಷನ್ ಆದವರಲ್ಲಿ ಇದನ್ನು ಮೊದಲು ಪರೀಕ್ಷಿಸಿದರು. ಬೇಗ ಊಟ, ಬೇಗ ನಡಿಗೆ ಪಾಲಿಸುವ ಕಡೆ ಅದರಿಂದ ಸಿಗುವ ಲಾಭ ಚಿಕ್ಕದು; ಸಿಸೇರಿಯನ್ ಆದವರಲ್ಲಿ ಫಲ ಹೆಚ್ಚು ಸ್ಪಷ್ಟ. ಕಾಫಿಪ್ರಿಯರಿಗೆ ಇನ್ನೊಂದು ಸಿಹಿಸುದ್ದಿ: 2012ರಲ್ಲಿ ಪ್ರಕಟವಾದ ಜರ್ಮನಿಯ ಪರೀಕ್ಷೆಯೊಂದರಲ್ಲಿ ದೊಡ್ಡ ಕರುಳಿನ ಭಾಗ ತೆಗೆಸಿಕೊಂಡವರಿಗೆ ಬಿಸಿನೀರು ಕುಡಿದಾಗ ಮೊದಲ ಮೋಷನ್‌ಗೆ ಸುಮಾರು 74 ಗಂಟೆ ಬೇಕಾದರೆ, ಕಾಫಿ ಕುಡಿದಾಗ ಸುಮಾರು 60 ಗಂಟೆ ಸಾಕಾಯಿತು. ವೈದ್ಯರು ಬಾಯಿಗೆ ಕೊಡಬಹುದು ಎಂದ ಮೇಲೆ ಮಾತ್ರ, ನೆನಪಿರಲಿ.

ಮೀಥೈಲ್‌ನಾಲ್ಟ್ರೆಕ್ಸೋನ್‌ನ ಸೋದರಸಂಬಂಧಿ ಅಲ್ವಿಮೊಪಾನ್ ಕೂಡ 2008ರಲ್ಲಿಯೇ ಅಮೆರಿಕದಲ್ಲಿ ಬಂತು, ಕರುಳು ಕತ್ತರಿಸಿ ಜೋಡಿಸಿದವರಿಗೆಂದೇ. ಆಪರೇಷನ್ನಿಗೆ ಮುಂಚೆ ಒಂದು ಕ್ಯಾಪ್ಸೂಲ್, ಆಮೇಲೆ ದಿನಕ್ಕೆರಡು, ಒಟ್ಟು 15 ದಾಟುವಂತಿಲ್ಲ, ಆಸ್ಪತ್ರೆಯ ಹೊರಗೆ ಕೊಡುವಂತಿಲ್ಲ. ದೀರ್ಘಕಾಲ ಬಳಸಿದವರ ಒಂದು ಪರೀಕ್ಷೆಯಲ್ಲಿ ಹೃದಯಾಘಾತಗಳು ಹೆಚ್ಚಾಗಿ ಕಂಡದ್ದೇ ಈ ಕಟ್ಟುನಿಟ್ಟಿಗೆ ಕಾರಣ.

ನಮ್ಮ ಮನೆಗಳದ್ದೇ ಆದ ಎರಡು ತೊಡಕುಗಳಿವೆ. ಸಿಸೇರಿಯನ್ ಆದವಳಿಗೂ ಬಾಣಂತನದ ಹಳೆಯ ಕಟ್ಟಳೆ ಅನ್ವಯಿಸಿ, ಶೀತ ಆದೀತು, ಹೊಟ್ಟೆ ಬರುತ್ತದೆ ಎಂದು ನೀರನ್ನು ಅಳೆದು ಕೊಡುವ ಮನೆಗಳು ಇಂದಿಗೂ ಇವೆ. ಹಾಲೂಡಿಸುವ ಮೈ ಮೊದಲೇ ನೀರು ಬೇಡುತ್ತದೆ. ಜೊತೆಗೆ ಕಬ್ಬಿಣದ ಮಾತ್ರೆ, ಟ್ರಮಡಾಲ್. ಆ ಹೆಣ್ಣುಮಗಳು ಮುಕ್ಕಿದರೆ ಹೊಲಿಗೆ ಬಿಟ್ಟೀತೆಂಬ ಹೆದರಿಕೆಯಲ್ಲಿ ಶೌಚವನ್ನೇ ಮುಂದೂಡುತ್ತಾಳೆ, ಮಲ ಮತ್ತಷ್ಟು ಗಟ್ಟಿಯಾಗುತ್ತದೆ. ಅವಳಿಗೆ ಬೇಕಾದದ್ದು ಚೊಂಬು ತುಂಬ ನೀರು ಮತ್ತು ಮಲ ಸಡಿಲಿಸುವ ಸಿರಪ್, ಪಥ್ಯವಲ್ಲ. ಇನ್ನೊಂದು ಸೊಂಟದ ಕೀಲು ಬದಲಿಸಿಕೊಂಡ ಹಿರಿಯರದ್ದು. ಜೀವಮಾನವೆಲ್ಲ ಕುಕ್ಕರಗಾಲಲ್ಲಿ ಕುಳಿತು ರೂಢಿಯಾದವರಿಗೆ ಕಮೋಡಿನ ಮೇಲೆ ಮೋಷನ್ ಆಗುವುದೇ ಇಲ್ಲ. ಕಾಲಡಿಗೆ ಪುಟ್ಟ ಮಣೆ ಇಟ್ಟರೆ ಗುದದ ಕೋನ ನೇರವಾಗಿ ಸಲೀಸಾಗುತ್ತದೆ ಎಂಬ ಸಲಹೆ ಬೇರೆಯವರಿಗೆ ಸರಿ. ಹೊಸ ಸೊಂಟದವರು ಮೂಳೆ ವೈದ್ಯರನ್ನು ಕೇಳದೆ ಹಾಗೆ ಮಾಡಬಾರದು, ತೊಡೆ ಹೆಚ್ಚು ಮಡಿಸಿದರೆ ಕೀಲು ಜಾರಬಹುದು.

ಇಂಥ ಹಿರಿಯರಲ್ಲೇ, ಹೊಟ್ಟೆಗೆ ಕತ್ತರಿಯೇ ಹಾಕದಿದ್ದರೂ, ದೊಡ್ಡ ಕರುಳು ಏಕಾಏಕಿ ಬಲೂನಿನಂತೆ ಉಬ್ಬುವ ಒಂದು ಸ್ಥಿತಿ ಕಾಣಿಸುತ್ತದೆ. 1948ರಲ್ಲಿ ಅದನ್ನು ವಿವರಿಸಿದ ಬ್ರಿಟಿಷ್ ಸರ್ಜನ್ ಓಗಿಲ್ವಿ ಅವರ ಹೆಸರಿನಲ್ಲೇ ಕರೆಯುತ್ತಾರೆ. ದೊಡ್ಡ ಕರುಳಿನ ಆರಂಭದ ಚೀಲ 12 ಸೆಂಟಿಮೀಟರ್ ದಾಟಿ ಉಬ್ಬಿದರೆ ಒಡೆಯುವ ಅಪಾಯ ಏರುತ್ತದೆ. ಓಪಿಯಾಯ್ಡ್ ತಗ್ಗಿಸಿ, ಪೊಟ್ಯಾಸಿಯಂ ಸರಿಪಡಿಸಿ, ಬಗ್ಗದಿದ್ದರೆ ಹೃದಯದ ಮಾನಿಟರ್ ಹಚ್ಚಿ ಕರುಳನ್ನು ಹಿಂಡಿಸುವ ನಿಯೋಸ್ಟಿಗ್ಮಿನ್ ಚುಚ್ಚುಮದ್ದು ಕೊಡುತ್ತಾರೆ. ಹಲವರಲ್ಲಿ ನಿಮಿಷಗಳಲ್ಲೇ ಗಾಳಿ ಹೊರಡುತ್ತದೆ. ಇದು ಆಸ್ಪತ್ರೆಯ ಕೆಲಸ. ಮನೆಯವರು ತಿಳಿದಿರಬೇಕಾದದ್ದು ಬೇರೆ: ಹೊಟ್ಟೆ ಬಿಗಿದು ಉಬ್ಬುತ್ತಿದ್ದರೆ, ಹಸಿರು ವಾಂತಿಯಾಗುತ್ತಿದ್ದರೆ, ಗ್ಯಾಸ್ ಕೂಡ ನಿಂತಿದ್ದರೆ, ನೋವು ಅಲೆಅಲೆಯಾಗಿ ಹೆಚ್ಚುತ್ತಿದ್ದರೆ, ಜ್ವರ ಬಂದರೆ, ಅದು ಮಲಬದ್ಧತೆಯಲ್ಲ. ಹೊಲಿಗೆ ಸೋರಿರಬಹುದು, ಹಳೆಯ ಆಪರೇಷನ್ನಿನ ಅಂಟಿನಲ್ಲಿ ಕರುಳು ಸಿಕ್ಕಿಕೊಂಡಿರಬಹುದು. ಆಗ ಭೇದಿ ಮಾಡಿಸುವ ಮಾತ್ರೆ ಕೊಟ್ಟು ಬೆಳಗಾಗಲಿ ಎಂದು ಕಾಯಬಾರದು. ಬಾಯಿಗೆ ಏನೂ ಕೊಡದೆ ಆ ರಾತ್ರಿಯೇ ಆಸ್ಪತ್ರೆಗೆ.

ಮಲ ಕಟ್ಟಿತೆಂದು ನೋವಿನ ಮಾತ್ರೆಯನ್ನು ತಾವೇ ಬಿಟ್ಟುಬಿಡುವವರೂ ಬಹಳ. ಕ್ಯಾನ್ಸರ್ ರೋಗಿ ಹೀಗೆ ಮಾಡಿದರೆ ನೋವು ಮರಳುವುದರ ಜೊತೆಗೆ, ತಿಂಗಳುಗಟ್ಟಲೆ ಒಗ್ಗಿದ ದೇಹ ಬೆವರು, ನಡುಕ, ಭೇದಿ ಎಂದು ತಿರುಗಿಬೀಳುತ್ತದೆ. ಬದಲಿ ದಾರಿಗಳಿವೆ. ಬಾಯಿಯ ಮಾರ್ಫಿನ್ನಿಗಿಂತ ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿ ಕರುಳನ್ನು ತುಸು ಕಡಿಮೆ ಕಾಡುತ್ತದೆ. ಪ್ರಮಾಣ ಹೊಂದಿಸುವುದು ವೈದ್ಯರಿಗೆ ಬಿಟ್ಟದ್ದು. ಆಪರೇಷನ್ ನೋವಿಗೆ ಕೆಲವೇ ದಿನ ಟ್ರಮಡಾಲ್ ತೆಗೆದುಕೊಂಡವರ ಮಾತು ಸುಲಭ. ಅದನ್ನು ಪ್ಯಾರಸಿಟಮಾಲ್‌ಗೆ ಬದಲಿಸಿದ ಕೆಲವು ದಿನಗಳಲ್ಲಿ ಕರುಳು ತನ್ನ ಲಯಕ್ಕೆ ಬರುತ್ತದೆ, ಆಮೇಲೆ ಸಿರಪ್ಪನ್ನೂ ಬಿಡಬಹುದು. ನೋವಿನ ಮದ್ದು ನಿಂತು ವಾರಗಳಾದರೂ ಮಲಬದ್ಧತೆ ಬಿಡದಿದ್ದರೆ ಅದಕ್ಕೆ ಆಪರೇಷನ್ನನ್ನು ದೂರುತ್ತ ಕೂರದೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ವಯಸ್ಸು 50ರ ಆಸುಪಾಸಿನಲ್ಲಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕೊಲೊನೊಸ್ಕೊಪಿಯ ಬಗ್ಗೆಯೂ ಕೇಳಬೇಕು.